ನಾಲ್ಕನೇ ಶೆಲ್ಫು, ಕೆಳಗಡೆ

ಇಂಪಿಯ ಬಾರಿನಲ್ಲಿ, ಒಲೆಯ ಪಕ್ಕದ ಗೋಡೆಯ ಮೇಲೆ ನನ್ನ ಫೋಟೋಗಳು ಮೂರಿವೆ. ಮೂರರಲ್ಲೂ ನಾನು ಹಿಮದ ಮೇಲೆ ಓಡುವ ಸ್ಕೂಟರಿನಂಥ ನನ್ನ ನೀಲಿ ಹಿಮಗಾಡಿಯ ಮೇಲೆ ತಲೆ ತಗ್ಗಿಸಿ ಕೂತಿದ್ದೇನೆ. ಗಾಡಿಯ ಮೂತಿಗೆ ಹಗ್ಗ ಬಿಗಿದಿದೆ. ಹಗ್ಗದ ಇನ್ನೊಂದು ತುದಿಗೆ ಒಂದು ಕಿತ್ತಳೆ ಬಣ್ಣದ ಗಾಡಿ, ಅದರ ಮೇಲೆ ಮೂವತ್ತೆರಡೂ ಹಲ್ಲು ಬಿಟ್ಟುಕೊಂಡು ಕೂತವನು ನನ್ನ ಭಾವ ವಿಲ್ಬರ್ಟ್.

ನಮ್ಮೂರಿನ ಕಟ್ಟಳೆ ಅದು. ಕಾಡಿನೊಳಗೆ ಗಾಡಿ ಕೆಟ್ಟು ನಿಂತು, ಬೇರೆ ಬಣ್ಣದ ಗಾಡಿಯವನು ನಿಮ್ಮನ್ನು ಎಳೆದುಕೊಂಡು ಊರಿಗೆ ಬಂದರೆ, ಇಂಪಿಯ ಬಾರಿನ ಎದುರು ನಿಂತು ಫೋಟೋ ತೆಗೆಸಿಕೊಳ್ಳಬೇಕು. ಅದು ಗೋಡೆಗೆ ಏರುತ್ತದೆ, ಮತ್ತೆ ಇಳಿಯುವುದಿಲ್ಲ. ಸತ್ತವರ ಫೋಟೋಗಳೂ ಅಲ್ಲೇ ಇವೆ. ನಿಮ್ಮದೇ ಬಣ್ಣದವನು ಎಳೆದು ತಂದರೆ ಅದು ಲೆಕ್ಕಕ್ಕಿಲ್ಲ, ಮನೆಯೊಳಗಿನ ವಿಚಾರ. ಈ ಗೋಡೆಗೆ ಹೆದರಿ ಕಾರ್ಲೋ ಹೈಕ್ಕಿಲಾ ಎಂಬ ಪುಣ್ಯಾತ್ಮ ಒಮ್ಮೆ ಮೊಣಕಾಲುದ್ದ ಹಿಮದಲ್ಲಿ ಆರು ಮೈಲಿ ನಡೆದುಕೊಂಡೇ ಬಂದ. ದಾರಿಯಲ್ಲಿ ನಾಲ್ಕು ಜನ ನೀಲಿಯವರು ಗಾಡಿ ನಿಲ್ಲಿಸಿ ಕೇಳಿದರಂತೆ. ನಾಲ್ವರಿಗೂ ಅವನು ಡಾಕ್ಟರು ನಡೆಯಲು ಹೇಳಿದ್ದಾರೆ ಅಂದನಂತೆ.

ಸುಪೀರಿಯರ್ ಸರೋವರದ ದಂಡೆಯ ನಮ್ಮ ಈ ಮೂಲೆಯಲ್ಲಿ ನವೆಂಬರಿನಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೆ ಕರಗುವುದಿಲ್ಲ. ತಾಮ್ರದ ಗಣಿ ಮುಚ್ಚಿ ಎರಡು ತಲೆಮಾರು ಕಳೆಯಿತು. ಉಳಿದಿರುವುದು ಕಾಡು, ಹಿಮ, ಕಾದ ಕಲ್ಲುಗಳ ಹಬೆಯಲ್ಲಿ ಕೂರುವ ಸೌನಾ ಕೋಣೆಗಳು, ಮತ್ತೆ ಈ ಜಗಳ. ಕಿತ್ತಳೆಯದು ನೋರ್ಡಾಲ್ ಕಂಪನಿಯ ಗಾಡಿ, ನೀಲಿಯದು ಬ್ಯಾಜರ್. ಯಾವುದನ್ನು ಓಡಿಸುತ್ತೀರಿ ಎನ್ನುವುದು ಅಪ್ಪನಿಂದ ಬರುತ್ತದೆ, ಕಣ್ಣಿನ ಬಣ್ಣ ಬಂದ ಹಾಗೆ. ಚರ್ಚು ಬದಲಾಯಿಸಿದವರನ್ನು ಇಲ್ಲಿ ಜನ ಹತ್ತು ವರ್ಷಕ್ಕಾದರೂ ಕ್ಷಮಿಸಿದ್ದಾರೆ. ನಾನು ಬದಲಾಯಿಸಿದ್ದು ಗಾಡಿ. ಎಂಬತ್ತಾರರಲ್ಲಿ ಒಂದು ಬ್ಯಾಜರ್ ಒಳ್ಳೆಯ ಬೆಲೆಗೆ ಸಿಕ್ಕಿತೆಂದು ತಂದೆ. ನನ್ನ ಅಕ್ಕ ಸೈಮಿ ಒಂದು ತಿಂಗಳು ಮಾತು ಬಿಟ್ಟಳು. ಆಮೇಲೆ ಆಡಿದ ಮೊದಲನೇ ಮಾತು ಇದು: "ಅಪ್ಪ ಬದುಕಿದ್ದಿದ್ರೆ ಮನೆ ಬೈಬಲ್ಲಿನ ಮೊದಲನೇ ಪುಟದಲ್ಲಿ ಬರೆದಿಟ್ಟ ನಿನ್ನ ಹೆಸರು ಕೆರೆದು ಹಾಕ್ತಿದ್ದ ಕಣೋ, ಎನ್ಸಿಯೋ."

ಅವಳಿಗೆ ಹಾಗೆ ಹೇಳುವ ಹಕ್ಕಿತ್ತು. ಇಪ್ಪತ್ತಾರು ವರ್ಷ ಅವಳು ಮುಖ್ಯ ಬೀದಿಯ ನೋರ್ಡಾಲ್ ಅಂಗಡಿಯಲ್ಲಿ ಬಿಡಿಭಾಗಗಳ ಕೌಂಟರಿನ ಹಿಂದೆ ನಿಂತಿದ್ದವಳು. ಗಿರಾಕಿ ಬಾಯಿ ತೆಗೆಯುವ ಮೊದಲೇ ಅವನ ಕೈಯಲ್ಲಿರುವ ಮುರಿದ ತುಂಡು ನೋಡಿ ಅದರ ನಂಬರು ಹೇಳುತ್ತಿದ್ದಳು. ಫೋನು ಮಾಡಿದವರಿಗೆ ಗಾಡಿಯ ಹತ್ತಿರ ರಿಸೀವರ್ ಹಿಡಿಯಲು ಹೇಳಿ, ಒಂದು ನಿಮಿಷ ಸದ್ದು ಕೇಳಿಸಿಕೊಂಡು, ಗಾಡಿಗೇನೂ ಆಗಿಲ್ಲ, ಹೋದ ವರ್ಷದ ಪೆಟ್ರೋಲು ಚೆಲ್ಲಿ ಹೊಸದು ಹಾಕಿ ಅನ್ನುತ್ತಿದ್ದಳು. ಅದಕ್ಕೂ ಮೊದಲು, ಎಪ್ಪತ್ನಾಲ್ಕರಲ್ಲಿ, ಸರೋವರದ ಕೊಲ್ಲಿಯ ಮಂಜುಗಡ್ಡೆಯ ಮೇಲಿನ ಹಿಮಗಾಡಿ ಪಂದ್ಯದಲ್ಲಿ ಹನ್ನೊಂದು ಗಂಡಸರನ್ನು ಹಿಂದೆ ಹಾಕಿದ್ದಳು. ಹಿಂದೆ ಹಾಕುವಾಗೆಲ್ಲ ಮೂಗಿನ ತುದಿಗೆ ಹೆಬ್ಬೆರಳು ಇಟ್ಟು ಉಳಿದ ನಾಲ್ಕು ಬೆರಳು ಆಡಿಸುವುದು ಅವಳ ಅಭ್ಯಾಸ. ಆ ಹನ್ನೊಂದರಲ್ಲಿ ಒಬ್ಬ ವಿಲ್ಬರ್ಟ್. ಯಾಕೆ ಮದುವೆಯಾದೆ ಎಂದು ಯಾರಾದರೂ ಕೇಳಿದರೆ, ಇವಳನ್ನು ಹಿಡಿಯಲು ಬೇರೆ ದಾರಿ ಕಾಣಲಿಲ್ಲ ಅನ್ನುತ್ತಿದ್ದ.

ಆರು ವರ್ಷದ ಕೆಳಗೆ ಅಕ್ಕನಿಗೆ ಮರೆವು ಶುರುವಾಯಿತು. ಮೊದಲು ಕಾಫಿ ಕೆಟಲ್ ಸೌನಾದ ಕಲ್ಲುಗಳ ಮೇಲೆ ಸಿಕ್ಕಿತು. ಆಮೇಲೆ ಮಗಳು ಲೋರಿಯ ಹೆಸರು ಹೋಯಿತು. ಆಮೇಲೆ ಮಧ್ಯಾಹ್ನದ ಮೂರು ಗಂಟೆ ಎನ್ನುವ ಹೊತ್ತೇ ಒಂದು ಗಂಡಾಂತರವಾಯಿತು. ಮೂರು ಹೊಡೆಯುತ್ತಿದ್ದಂತೆ ಎದ್ದು ಕೋಟು ಹಾಕಿಕೊಂಡು ಮನೆಗೆ ಹೋಗಬೇಕು ಅನ್ನುವಳು. ನಲವತ್ತೆಂಟು ವರ್ಷ ಬದುಕಿದ ಮನೆಯ ನಡುವೆ ನಿಂತು ಮನೆಗೆ ಕಳಿಸಿ ಎಂದು ಅಳುವಳು. ಬಾಗಿಲಿಗೆ ಅಡ್ಡ ನಿಂತರೆ ಹೊಡೆಯುವಳು.

ಅಂಥ ಒಂದು ದಿನ ವಿಲ್ಬರ್ಟ್‌ಗೆ ಬೇರೇನೂ ತೋಚದೆ ಅವಳನ್ನು ತನ್ನ ನೋರ್ಡಾಲಿನ ಹಿಂದೆ ಕೂರಿಸಿಕೊಂಡು, ಕಾಡಿನ ದಾರಿಯಲ್ಲಿ ಏಳು ಮೈಲಿ ಹೋಗಿ, ಸರೋವರ ಕಾಣುವ ಗುಡ್ಡದ ಮೇಲೆ ಒಂದು ಸುತ್ತು ಹಾಕಿ ಬಂದ. ಗಾಡಿ ಅಂಗಳದಲ್ಲಿ ನಿಂತಾಗ ಅಕ್ಕ ಇಳಿದು, "ಬಂದ್ವಿ" ಅಂದು, ಒಳಗೆ ಹೋಗಿ ಸೂಪು ಕುಡಿದು, ಏಲಕ್ಕಿ ಬ್ರೆಡ್ಡು ತಿಂದು ಮಲಗಿಬಿಟ್ಟಳು. ಅವತ್ತಿನಿಂದ ಮೂರು ಚಳಿಗಾಲ, ದಿನವೂ ಮೂರು ಗಂಟೆಗೆ ಏಳು ಮೈಲಿ ಹೋಗುವುದು, ಏಳು ಮೈಲಿ ಬರುವುದು. ಬೇಸಿಗೆಯಲ್ಲಿ ಕಾರು, ದೋಣಿ ಎಲ್ಲ ನೋಡಿದ್ದಾಯಿತು. ಯಾವುದೂ ಹಿಡಿಸಲಿಲ್ಲ. ಹೋದ ಬೇಸಿಗೆ ಎರಡು ಸಲ ಎದ್ದು ಹೋದಳು. ಎರಡನೇ ಸಲ ಸಿಕ್ಕಿದ್ದು ಸೊಂಟದವರೆಗೆ ಕೆಸರಿನಲ್ಲಿ.

ಆಗ ಡಾಕ್ಟರು, ನರ್ಸ್ ಆಗಿರುವ ಲೋರಿ, ಎಲ್ಲರೂ ಸೇರಿ ಹೇಳಿದರು. ಇನ್ನು ಮನೆಯಲ್ಲಿಟ್ಟುಕೊಳ್ಳುವುದು ಕ್ಷೇಮವಲ್ಲ, ಐವತ್ತು ಮೈಲಿ ದೂರದ ಆರೈಕೆ ಮನೆಯಲ್ಲಿ ಹೆಸರು ಬರೆಸಿ. ವಿಲ್ಬರ್ಟ್ ಬರೆಸಿದ. ಆದರೆ ನವೆಂಬರಿನಲ್ಲಿ ಮೊದಲ ಸಲ ಅವರು ಫೋನು ಮಾಡಿ ಹಾಸಿಗೆ ಖಾಲಿಯಿದೆ ಅಂದಾಗ ಅವನು ಕಿಟಕಿಯಾಚೆ ನೋಡುತ್ತಾ, "ಹಿಮ ಬಿದ್ದಿದೆ, ಗಾಡಿ ಓಡ್ತಿದೆ. ಬೇರೆಯವ್ರಿಗೆ ಕೊಡಿ" ಅಂದ. ನಾನು ಅಲ್ಲೇ ಇದ್ದೆ.

ಎಲ್ಲವೂ ಆ ಗಾಡಿಯ ಮೇಲೆ ನಿಂತಿತ್ತು ಎಂದು ಆಗಲೇ ನನಗೆ ಗೊತ್ತಾಗಬೇಕಿತ್ತು. ತೊಂಬತ್ತೆಂಟರ ಗಾಡಿ, ಮೂರು ಸಿಲಿಂಡರು. ಮೀಟರಿನಲ್ಲಿ ನಲವತ್ತೊಂದು ಸಾವಿರ ಮೈಲಿ. ಹಿಮಗಾಡಿಗೆ ಅದು ಮನುಷ್ಯರಿಗೆ ನೂರು ದಾಟಿದ ಹಾಗೆ. ನಾನು ಅದೇ ಅವಧಿಯಲ್ಲಿ ಐದು ಬ್ಯಾಜರ್ ಬದಲಾಯಿಸಿದ್ದೆ. ಇಂಪಿಯ ಬಾರಿನಲ್ಲಿ ವಿಲ್ಬರ್ಟ್ ಅದನ್ನು ಹೇಳದ ವಾರವಿಲ್ಲ. ಎನ್ಸಿಯೋ ಗಾಡಿ ಕೊಳ್ಳುವುದಿಲ್ಲ, ಬಾಡಿಗೆಗೆ ತರುತ್ತಾನೆ ಅನ್ನುತ್ತಿದ್ದ. ನಾನೂ ಬಿಡುತ್ತಿರಲಿಲ್ಲ. ನಿನ್ನ ಕಂಪನಿ ಈಗ ಏನು ಮಾಡುತ್ತಿದೆ ಭಾವ ಎಂದು ಕೇಳುತ್ತಿದ್ದೆ. ನೋರ್ಡಾಲಿನವರು ಹಿಮಗಾಡಿ ಮಾಡುವುದು ಬಿಟ್ಟು ಹದಿಮೂರು ವರ್ಷವಾಗಿದೆ. ಈಗ ಹುಲ್ಲು ಕತ್ತರಿಸುವ ಯಂತ್ರ ಮಾಡುತ್ತಾರೆ.

ಜನವರಿಯ ಕೊನೆಯಲ್ಲಿ ಒಂದು ದಿನ ನಾನು ಅವರ ಅಂಗಳದಲ್ಲಿ ಹಿಮ ಎತ್ತಿ ಹಾಕುತ್ತಿದ್ದೆ. ಇಬ್ಬರೂ ಸುತ್ತು ಮುಗಿಸಿ ಬಂದರು. ಅಕ್ಕ ಇಳಿದು ಎಂದಿನಂತೆ ಒಳಗೆ ಹೋಗಲಿಲ್ಲ. ಕೈಗವಸು ತೆಗೆದು ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನಿಂತಳು, ಜ್ವರ ನೋಡುವವರ ಹಾಗೆ.

"ಕ್ರ್ಯಾಂಕಿನ ಬೇರಿಂಗು" ಅಂದಳು. "ನಡುವಿನದು ಹೋಗ್ತಿದೆ."

ನಮ್ಮಿಬ್ಬರಿಗೂ ಏನೂ ಕೇಳಿಸಿರಲಿಲ್ಲ. ನಾನು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಳಗೆಲ್ಲೋ ಮರಳು ಅರೆದ ಹಾಗೆ ಕೇಳಿಸಿತು. ಅಕ್ಕ ಅಷ್ಟರಲ್ಲಿ ನನ್ನ ಕಡೆ ತಿರುಗಿ, ಕೌಂಟರಿನ ಹಿಂದಿನ ಅದೇ ಹಳೆಯ ದನಿಯಲ್ಲಿ, "ಒಂಬತ್ತು ಏಳು ನಾಲ್ಕು, ಎರಡು ಸೊನ್ನೆ ಆರು. ನಾಲ್ಕನೇ ಶೆಲ್ಫು, ಕೆಳಗಡೆ. ಎರಡಿವೆ" ಅಂದಳು. ಅವತ್ತು ಬೆಳಗ್ಗೆ ನನ್ನನ್ನು ಅವಳು ಪೋಸ್ಟ್‌ಮ್ಯಾನ್ ಅಂದುಕೊಂಡಿದ್ದಳು.

ನಂಬರು ಸರಿಯಾಗಿತ್ತು. ಹಳೆಯ ಕ್ಯಾಟಲಾಗ್ ತೆಗೆದು ನೋಡಿದೆವು. ಒಂದು ಅಂಕಿಯೂ ತಪ್ಪಿರಲಿಲ್ಲ. ಆ ಬೇರಿಂಗು ಬಿಡಿಯಾಗಿ ಬರುವುದಿಲ್ಲ, ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕು ಎಂಬ ಇಡೀ ದಂಡವನ್ನೇ ಬದಲಾಯಿಸಬೇಕು. ಆ ಕ್ರ್ಯಾಂಕು ಮಾತ್ರ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ.

ಮೂರು ವಾರ ಹುಡುಕಿದೆವು. ಹಗಲು ಫೋನು, ರಾತ್ರಿ ಕಂಪ್ಯೂಟರು. ಗುಜರಿಯವರು, ಕೊಟ್ಟಿಗೆಯಲ್ಲಿ ಹಳೆಯ ಗಾಡಿ ಕೊಳೆಹಾಕಿಕೊಂಡವರು, ಗಂಡ ಸತ್ತ ಮೇಲೆ ಅವನ ಶೆಡ್ಡಿನ ಬಾಗಿಲು ತೆಗೆಯದವರು, ಯಾರನ್ನೂ ಬಿಡಲಿಲ್ಲ. ವಿಸ್ಕಾನ್ಸಿನ್ನಿನಿಂದ ಒಬ್ಬ ಪುಣ್ಯವಂತ ಒಂದು ಕ್ರ್ಯಾಂಕು ಕಳಿಸಿದ. ವಿಲ್ಬರ್ಟ್ ಡಬ್ಬ ಬಿಚ್ಚಿ ಅಳೆದು ನೋಡಿದ. ಅದು ತೊಂಬತ್ತೈದನೇ ಇಸವಿಯದು, ನಮಗೆ ಬೇಕಾದದ್ದಕ್ಕಿಂತ ಅರ್ಧ ಬೆರಳು ಹೆಚ್ಚು ಉದ್ದ. ಭಾವ ಅದನ್ನು ಮತ್ತೆ ಕಾಗದದಲ್ಲಿ ಸುತ್ತಿ, ಮಗುವನ್ನು ಮಲಗಿಸಿದ ಹಾಗೆ ಡಬ್ಬದೊಳಗಿಟ್ಟ.

ಅದೇ ವಾರ ಡಾರ್ಲಾ ಒಂದು ಸುದ್ದಿ ಹೇಳಿದಳು. ಹಿಂದೆ ನೋರ್ಡಾಲ್ ಅಂಗಡಿಯಿದ್ದ ಕಟ್ಟಡದಲ್ಲಿ ಈಗ ಡಾರ್ಲಾಳ ಲಾಂಡ್ರಿ ಇದೆ. ನಾಣ್ಯ ಹಾಕಿ ಬಟ್ಟೆ ಒಗೆದುಕೊಳ್ಳುವ ಜಾಗ. ವಿಲ್ಬರ್ಟ್ ಅಲ್ಲಿಗೆ ಹೋಗಿ, ಗೋಡೆಯ ಕಡೆಯಿಂದ ಎಣಿಸಿ, ಮೊದಲು ನಾಲ್ಕನೇ ಶೆಲ್ಫು ಇದ್ದಲ್ಲಿ ಈಗಿರುವ ನಾಲ್ಕನೇ ಯಂತ್ರದ ಮುಂದೆ ಮಂಡಿಯೂರಿ ಅದರ ಕೆಳಗೆ ಕೈಯಾಡಿಸಿದನಂತೆ. ಸಿಕ್ಕಿದ್ದು ಒಂದು ಕಾಲುಚೀಲ. ನಾನು ಇದನ್ನು ಇಂಪಿಯ ಬಾರಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದೆ. ನಾನೂ ನಕ್ಕೆ. ವಿಲ್ಬರ್ಟ್ ಮೂಲೆಯಲ್ಲಿ ಕೂತು ಬಿಯರಿನ ನೊರೆ ನೋಡುತ್ತಿದ್ದವನು ನಿಧಾನವಾಗಿ ತಲೆಯೆತ್ತಿದ.

"ಇಪ್ಪತ್ತಾರು ವರ್ಷ ಕಣೋ. ಅವಳು ಇದೆ ಅಂದಿದ್ದು ಒಂದು ಸಲಾನೂ ಇಲ್ಲ ಅಂತ ಆಗಿಲ್ಲ."



ಗುರುವಾರ ಆರೈಕೆ ಮನೆಯಿಂದ ಮತ್ತೆ ಫೋನು ಬಂತು. ಹಾಸಿಗೆ ಖಾಲಿಯಾಗಿದೆ, ಸೋಮವಾರದೊಳಗೆ ತಿಳಿಸಿ, ಈ ಸಲ ಬೇಡವೆಂದರೆ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ ಅಂದರು. ಲೋರಿ ಅಳುತ್ತಾ ಅಪ್ಪನಿಗೆ ಬೈದಳು, ಬೈದು ಮತ್ತೆ ಅತ್ತಳು. ನೋರ್ಡಾಲಿನ ಸದ್ದು ಅಷ್ಟು ಹೊತ್ತಿಗೆ ನಮ್ಮ ಕಿವಿಗೂ ಕೇಳುವಷ್ಟಾಗಿತ್ತು. ನಾಲ್ಕು ದಿನದಿಂದ ವಿಲ್ಬರ್ಟ್ ಏಳು ಮೈಲಿಯನ್ನು ನಾಲ್ಕಕ್ಕೆ ಇಳಿಸಿದ್ದ. ನಾನು ಅರ್ಧ ಮೈಲಿ ಹಿಂದೆ ನನ್ನ ಬ್ಯಾಜರಿನಲ್ಲಿ ಹೋಗುತ್ತಿದ್ದೆ, ಅಕ್ಕನ ಕಣ್ಣಿಗೆ ಬೀಳದ ಹಾಗೆ.

ಶುಕ್ರವಾರ ಅವನು ನನ್ನ ಶೆಡ್ಡಿಗೆ ಬಂದು ಬಾಗಿಲಲ್ಲೇ ನಿಂತ. ನನ್ನ ಹೊಸ ಬ್ಯಾಜರನ್ನು ಸುಮ್ಮನೆ ನೋಡಿದ. ನಲವತ್ತು ವರ್ಷದಲ್ಲಿ ಅವನು ನನ್ನ ಯಾವುದೇ ಬ್ಯಾಜರನ್ನು ನೋಡಿದ್ದು ಅದೇ ಮೊದಲು, ಅಲ್ಲಿಯವರೆಗೆ ಅವುಗಳ ಕಡೆ ಉಗುಳಿದ್ದಷ್ಟೇ. ನಾನು ಬೀಗದ ಕೈ ಅವನ ಅಂಗೈಯಲ್ಲಿಟ್ಟೆ.

ಮೂರು ಗಂಟೆಗೆ ಕೋಟು ಹಾಕಿಕೊಂಡು ಹೊರಗೆ ಬಂದ ಅಕ್ಕ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

"ನೀಲಿ ಮೇಲೆ ಕೂರೋಕೆ ನಂಗೇನು ತಲೆ ಕೆಟ್ಟಿದ್ಯಾ?"

ನಾನೂ ವಿಲ್ಬರ್ಟೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳಲಿಲ್ಲ.

ಬಾನೆಟ್ಟಿನ ಉಪಾಯ ನನ್ನದು, ಅದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ನನ್ನ ಹತ್ತಿರ ಬ್ಯಾಜರಿನದೇ ಒಂದು ಸೀಳಿದ ಹಳೆಯ ಬಾನೆಟ್ಟಿತ್ತು. ಸಂಜೆ ಅದಕ್ಕೆ ಕಿತ್ತಳೆ ಬಣ್ಣ ಬಳಿಯಲು ಕೂತೆವು. ಮೂರು ಕೋಟು. ವಿಲ್ಬರ್ಟ್ ನೋರ್ಡಾಲಿನ ಬಿಳಿ ಪಟ್ಟೆಯನ್ನು ಅಳತೆಗೋಲು ಇಟ್ಟು ಬರೆದ. ಕಂಪನಿಯ ಹೆಸರಿನ ಅಕ್ಷರಗಳನ್ನು ತನ್ನ ಗಾಡಿಯಿಂದಲೇ ಬಿಸಿ ಗಾಳಿ ಹಿಡಿದು, ಬ್ಲೇಡಿನಲ್ಲಿ ಒಂದೊಂದಾಗಿ ಎಬ್ಬಿಸಿ ಇದರ ಮೇಲೆ ಅಂಟಿಸಿದ. ಸೌನಾ ಕಾಯಿಸಿ ಬಾನೆಟ್ಟನ್ನು ಅದರೊಳಗೆ ಒಣಗಲು ಬಿಟ್ಟೆವು. ಶನಿವಾರ ಅದನ್ನು ನನ್ನ ಗಾಡಿಗೆ ಕೂರಿಸಿ, ಪಕ್ಕಗಳಿಗೆ ಕಂಬಳಿ ಹೊದಿಸಿ ದೂರ ನಿಂತು ನೋಡಿದೆ. ನನಗೇ ಮೋಸವಾಗುವ ಹಾಗಿತ್ತು. ಇದನ್ನು ಊರಲ್ಲಿ ಯಾರಾದರೂ ನೋಡಿದರೆ ನಾನು ಸತ್ತೆ ಅಂದೆ. ಒಂದು ನೀಲಿಯಾದರೂ ನೋಡುವ ಹಾಗಾಯಿತಲ್ಲ ಅಂದ ವಿಲ್ಬರ್ಟ್. ಅವನು ತಮಾಷೆ ಮಾಡಿ ಬಹಳ ದಿನವಾಗಿತ್ತು.

ಅಕ್ಕ ಬಂದಳು. ಪಟ್ಟೆಯ ಮೇಲೆ ಬೆರಳು ಎಳೆದಳು. ವಿಲ್ಬರ್ಟ್ ಮುಂದೆ ಕೂತಿದ್ದ. ಅವಳು ಕಾಲೆತ್ತಿ ಹಿಂದೆ ಕೂತು ಅವನ ಸೊಂಟ ಬಳಸಿಕೊಂಡಳು, ಕೆನ್ನೆಯನ್ನು ಬೆನ್ನಿಗೆ ಒರಗಿಸಿದಳು.  ವಿಲ್ಬರ್ಟ್ ಗಾಡಿ ಸ್ಟಾರ್ಟ್ ಮಾಡಿದ.

ಮೂರು ಸಿಲಿಂಡರಿನದು ಒಂದು ಊಳು. ದೂರದಿಂದ ತೋಳಗಳು ಒಟ್ಟಿಗೆ ದನಿಯೆತ್ತಿದ ಹಾಗಿರುತ್ತದೆ. ನನ್ನ ಬ್ಯಾಜರಿಗೆ ಎರಡೇ ಸಿಲಿಂಡರು, ಬಡಬಡ ಅನ್ನುತ್ತದೆ. ಬಣ್ಣ, ಪಟ್ಟೆ, ಅಕ್ಷರ ಎಲ್ಲ ನೋಡಿದ ನಾವಿಬ್ಬರು ಮುದುಕರು, ಫೋನಿನಲ್ಲಿ ಸದ್ದು ಕೇಳಿಯೇ ರೋಗ ಹೇಳುತ್ತಿದ್ದವಳು ಇವಳು ಎನ್ನುವುದನ್ನೇ ಮರೆತಿದ್ದೆವು.

ಅವಳ ಕೈ ಸಡಿಲವಾಯಿತು. ಇಳಿದು ಮುಂದೆ ಬಂದು ವಿಲ್ಬರ್ಟ್‌ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಅಂಗಡಿಗೆ ಬಂದ ಗುರುತಿಲ್ಲದವರನ್ನು ನೋಡುವ ಹಾಗೆ, ಮರ್ಯಾದೆಯಿಂದ ನೋಡಿದಳು.

"ಇದು ಎರಡು ಸಿಲಿಂಡರು. ನೀವು ಯಾರು?"

"ನಾನು ಕಣೇ. ವಿಲ್ಬರ್ಟ್."

"ಇಲ್ಲ. ನನ್ನ ಗಂಡ ನೋರ್ಡಾಲ್ ಬಿಟ್ಟು ಬೇರೆ ಗಾಡಿ ಮುಟ್ಟಲ್ಲ."

ಅವನು ಹೆಲ್ಮೆಟ್ ತೆಗೆದ. ಟೋಪಿ ತೆಗೆದ. ಬೋಳು ತಲೆಯ ಮೇಲೆ ಹಿಮ ಬೀಳುತ್ತಿತ್ತು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಬೆನ್ನ ಮರೆಗೆ ಬಂದು, ನನ್ನ ತೋಳು ಹಿಡಿದು ಪಿಸುಗುಟ್ಟಿದಳು. "ಇವ್ರನ್ನ ಕಳಿಸಿಬಿಡು. ವಿಲ್ಬರ್ಟ್ ಬರೋ ಹೊತ್ತಾಯ್ತು."

ವಿಲ್ಬರ್ಟ್‌ಗೆ ಅದು ಕೇಳಿಸಿತು. ಅವನು ಗಾಡಿ ಆರಿಸಿ, ಇಳಿದು, "ಬರ್ತೀನಮ್ಮ" ಎಂದು ಅವಳಿಗೆ ತಲೆಬಾಗಿ, ಮನೆಯ ಹಿಂಭಾಗಕ್ಕೆ ನಡೆದುಹೋದ. ಸ್ವಲ್ಪ ಹೊತ್ತಿಗೆ ಹಿಂದಿನ ಶೆಡ್ಡಿನಿಂದ ಆ ಊಳು ಎದ್ದಿತು, ಒಳಗೆ ಮರಳು ಅರೆಯುವ ಸದ್ದಿನ ಜೊತೆಗೇ. ಅವನು ಮನೆಯನ್ನು ಬಳಸಿ ಮುಂದೆ ಬಂದ. ಬಾನೆಟ್ಟಿನ ಮೇಲೆ ಅಕ್ಷರ ಕಿತ್ತ ಗುರುತಿತ್ತು.

"ಬಂದ್ಯಾ?" ಅಂದಳು ಅಕ್ಕ. ಹತ್ತಿ ಕೂತಳು.

ಅವತ್ತು ಎರಡೇ ಮೈಲಿ ಹೋಗಿ ಬಂದರು. ರಾತ್ರಿ ನಾನು ಕಿತ್ತಳೆ ಬಾನೆಟ್ಟನ್ನು ಬಿಚ್ಚಿ ನೀಲಿಯದನ್ನು ಹಾಕಿದೆ. ನೋರ್ಡಾಲ್ ಇನ್ನೆಷ್ಟು ದಿನ ತಡೆಯುತ್ತದೆ ಎಂದು ಭಾವನನ್ನು ಕೇಳಿದ್ದಕ್ಕೆ, ಅದನ್ನು ಅವಳನ್ನೇ ಕೇಳಬೇಕು ಅಂದ.

ಭಾನುವಾರ ಕೇಳದೆಯೇ ಹೇಳಿದಳು. ಕೂರುವ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು, ಇವತ್ತು ಇದನ್ನು ಓಡಿಸಬಾರದು, ಬಿಚ್ಚಿ ಇಡಿ ಅಂದಳು. ಮರುಕ್ಷಣವೇ ಮನೆಗೆ ಹೋಗಬೇಕೆಂದು ಅಳತೊಡಗಿದಳು. ಕಂಪನಿಯ ಕೌಂಟರಿನಲ್ಲಿ ನಿಂತವಳ ಮಾತು ಕೇಳುವುದೋ, ಅಳುತ್ತಿರುವವಳ ಮಾತು ಕೇಳುವುದೋ. ವಿಲ್ಬರ್ಟ್ ಅಳುವವಳ ಮಾತು ಕೇಳಿದ.

ನಾನು ಅರ್ಧ ಮೈಲಿ ಹಿಂದಿದ್ದೆ. ಮೂರನೇ ಮೈಲಿಯ ಹತ್ತಿರ, ದೇವದಾರು ಮರಗಳ ನಡುವೆ ದಾರಿ ನೇರವಾಗುವಲ್ಲಿ ಅವರು ನಿಂತಿದ್ದರು. ಎಂಜಿನ್ ಜಾಮ್ ಆಗಿತ್ತು. ಬಾನೆಟ್ಟಿನ ಸಂದಿಯಿಂದ ಬಿಸಿ ಎಣ್ಣೆಯ ವಾಸನೆಯ ಹೊಗೆ ಏಳುತ್ತಿತ್ತು. ವಿಲ್ಬರ್ಟ್ ಇಳಿದಿರಲಿಲ್ಲ. ಇಬ್ಬರೂ ಹಾಗೇ ಕೂತಿದ್ದರು, ಅವನ ಎರಡು ಕೈ ಹ್ಯಾಂಡಲಿನ ಮೇಲೆ, ಅವಳ ಎರಡು ಕೈ ಅವನ ಸೊಂಟದ ಸುತ್ತ. ಭುಜಗಳ ಮೇಲೆ ಹಿಮ ಕೂರತೊಡಗಿತ್ತು.

ಹತ್ತಿರ ಹೋದಾಗ ಅಕ್ಕ ಅವನನ್ನು ಕೇಳುತ್ತಿದ್ದುದು ಕೇಳಿಸಿತು. ಪಂದ್ಯದ ಬಾವುಟ ಯಾವಾಗ ಬೀಳಿಸುತ್ತಾರೆ ಅಂತ. ಇನ್ನೇನು ಬೀಳಿಸುತ್ತಾರೆ ಅಂದ ಅವನು. ಅವಳು ಕೊಲ್ಲಿಯ ಮೇಲಿದ್ದಳು, ಎಪ್ಪತ್ನಾಲ್ಕರಲ್ಲಿ.

ಕತ್ತಲಾಗಲು ಎರಡು ಗಂಟೆಯಷ್ಟೇ ಇತ್ತು. ಚಳಿ ಏರುತ್ತಿತ್ತು. ಅವಳು ನನ್ನ ಗಾಡಿ ಹತ್ತುವುದಿಲ್ಲ ಎನ್ನುವುದನ್ನು ಮತ್ತೆ ಕೇಳಿ ನೋಡಬೇಕಾಗಿರಲಿಲ್ಲ. ವಿಲ್ಬರ್ಟ್ ಎದ್ದು, ಪಕ್ಕದ ಮುಚ್ಚಳ ತೆಗೆದು, ಚಕ್ರದ ಬದಲಿಗಿರುವ ಹಿಂದಿನ ರಬ್ಬರ್ ಪಟ್ಟಿ ಸಲೀಸಾಗಿ ತಿರುಗಲೆಂದು ಎಂಜಿನ್ನಿನ ಬೆಲ್ಟು ಬಿಚ್ಚಿದ. ಸೀಟಿನ ಕೆಳಗಿನಿಂದ ಹಗ್ಗ ತೆಗೆದ. ನನಗೆ ಆ ಹಗ್ಗದ ಗುರುತಿತ್ತು. ಮೂರು ಫೋಟೋದಲ್ಲೂ ಅದೇ ಇದೆ. ಅವನೇ ತನ್ನ ಗಾಡಿಯ ಮೂತಿಗೆ ಬಿಗಿದು ಇನ್ನೊಂದು ತುದಿ ನನಗೆ ಕೊಟ್ಟ.

ಹಳೇ ಗಣಿ ರಸ್ತೆಯಲ್ಲಿ ಸುತ್ತಿಕೊಂಡು ಹೋಗೋಣ ಭಾವ ಅಂದೆ. ಆ ದಾರಿಯಲ್ಲಿ ಹೋದರೆ ಇಂಪಿಯ ಬಾರು ಸಿಗುವುದಿಲ್ಲ.

"ಅಲ್ಲಿ ಹಿಮ ತಟ್ಟಿ ದಾರಿ ಹದ ಮಾಡಿಲ್ಲ. ಇವಳಿಗೆ ಚಳಿ ಆಗ್ತಿದೆ. ಇಂಪಿ ಬಾರಿನ ಮುಂದಿನ ದಾರೀಲೇ ನಡಿ."

ಭಾನುವಾರ ಸಂಜೆ ಇಂಪಿಯ ಬಾರಿನ ಎದುರು ಇಪ್ಪತ್ತು ಗಾಡಿಯಾದರೂ ಇರುತ್ತವೆ. ಅಲ್ಲೇ ಹೆದ್ದಾರಿ ದಾಟಬೇಕು, ನಿಲ್ಲದೆ ವಿಧಿಯಿಲ್ಲ. ನಾನು ಬರುತ್ತಿರುವುದನ್ನು ಕಂಡು ಮೊದಲು ಒಂದು ಕೇಕೆ ಎದ್ದಿತು. ನನ್ನ ಹಿಂದೆ ಹಗ್ಗ, ಹಗ್ಗದ ಹಿಂದೆ ವಿಲ್ಬರ್ಟ್. ಐವತ್ತು ವರ್ಷ ಒಮ್ಮೆಯೂ ಆ ಗೋಡೆ ಹತ್ತದವನು. ಕಾರ್ಲೋ ಹೈಕ್ಕಿಲಾ ಫೋನೆತ್ತಿ ಹಿಡಿದ. ಆಮೇಲೆ ಹಿಂದಿನ ಸೀಟಿನಲ್ಲಿದ್ದ ಅಕ್ಕ ಅವರ ಕಣ್ಣಿಗೆ ಬಿದ್ದಳು. ಅವಳು ಜನರತ್ತ ಕೈಬೀಸುತ್ತಿದ್ದಳು, ಪಂದ್ಯಕ್ಕೆ ಇಳಿದವರು ಬೀಸುವ ಹಾಗೆ. ಕಾರ್ಲೋ ಫೋನು ಕೆಳಗಿಳಿಸಿದ.

ಇಂಪಿ ಏಪ್ರನ್ನಿನಲ್ಲೇ ಹೊರಗೆ ಬಂದಿದ್ದಳು, ಕೈಯಲ್ಲಿ ಆ ಹಳೆಯ ಕ್ಯಾಮರಾ.

"ತೆಗಿ ಇಂಪಿ" ಅಂದ ವಿಲ್ಬರ್ಟ್. "ಕಟ್ಟಳೆ ಅಂದ್ಮೇಲೆ ಕಟ್ಟಳೆ."

ಇಂಪಿ ಕ್ಯಾಮರಾವನ್ನು ಏಪ್ರನ್ನಿನೊಳಗೆ ಸೇರಿಸಿದಳು. "ಫಿಲಂ ಮುಗಿದಿದೆ" ಅಂದಳು.

ಹೆದ್ದಾರಿಯಲ್ಲಿ ಮರದ ಲಾರಿಗಳು ಒಂದರ ಹಿಂದೆ ಒಂದು ಹೋಗುತ್ತಿದ್ದವು. ನನ್ನ ಎಂಜಿನ್ ನಿಧಾನಕ್ಕೆ ಬಡಿದುಕೊಳ್ಳುತ್ತಿತ್ತು. ಹಿಂದಿನಿಂದ ಅಕ್ಕನ ದನಿ ಸ್ಪಷ್ಟವಾಗಿ ಕೇಳಿಸಿತು, ಅಲ್ಲಿದ್ದವರೆಲ್ಲರಿಗೂ ಕೇಳಿಸಿತು.

"ಈ ನೀಲಿ ಯಾಕೆ ನಮ್ಮ ಮುಂದಿದೆ ವಿಲ್ಬರ್ಟ್? ಹಿಂದೆ ಹಾಕು."

"ಹಾಕ್ತೀನಿ. ಮುಂದಿನ ತಿರುವಲ್ಲಿ."

ಇಂಪಿಯ ಬಾರಿನಿಂದ ಅವರ ಮನೆಗೆ ತಿರುವುಗಳು ಮೂರು. ಒಂದೊಂದರಲ್ಲೂ ಹಿಂದೆ ತಿರುಗಿ ನೋಡಿದೆ. ಒಂದೊಂದರಲ್ಲೂ ಅವಳು ಅವನ ಭುಜದ ಮೇಲಿನಿಂದ ಮುಂದೆ ಬಾಗಿ ಏನೋ ಹೇಳುತ್ತಿದ್ದಳು, ಅವನು ತಲೆಯಾಡಿಸುತ್ತಿದ್ದ. ಮೂರನೆಯದು ದಾಟಿದರೆ ಅಂಗಳದವರೆಗೆ ಇಳಿಜಾರು. ಅಲ್ಲಿ ನಾನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿ, ಇಳಿದು, ಹಗ್ಗ ಬಿಚ್ಚಿಬಿಟ್ಟೆ. ವಿಲ್ಬರ್ಟ್ ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ಕಾಲಿನಿಂದ ಒಮ್ಮೆ ಹಿಮವನ್ನು ಒದ್ದ.

ಸತ್ತ ಗಾಡಿ ಅಲುಗಿತು. ಮೆಲ್ಲಗೆ ಜಾರಿತು, ಆಮೇಲೆ ಜೋರಾಗಿ. ಸದ್ದಿಲ್ಲದೆ ನನ್ನನ್ನು ದಾಟಿ ಮುಂದೆ ಹೋಯಿತು. ದಾಟುವಾಗ ಅಕ್ಕ ನನ್ನ ಕಡೆ ತಿರುಗಿ, ಕೈಗವಸಿನ ಹೆಬ್ಬೆರಳನ್ನು ಮೂಗಿಗೆ ಇಟ್ಟು, ನಾಲ್ಕು ಬೆರಳು ಆಡಿಸಿದಳು.

ಮನೆಯವರೆಗೆ ತಲುಪಲಿಲ್ಲ. ಇಳಿಜಾರು ಮುಗಿದು ನೆಲ ಸಮವಾದಲ್ಲಿ, ಮೆಟ್ಟಿಲಿಗೆ ಐವತ್ತು ಹೆಜ್ಜೆ ಇರುವಾಗ ನಿಂತಿತು. ನಾನು ಅಲ್ಲಿಗೆ ಹೋದಾಗ ಅಕ್ಕ ಅವನ ಬೆನ್ನು ತಟ್ಟುತ್ತಿದ್ದಳು, ಸ್ಟಾರ್ಟ್ ಮಾಡು ಅನ್ನುತ್ತಿದ್ದಳು. ವಿಲ್ಬರ್ಟ್ ಸ್ಟಾರ್ಟರಿನ ಹಗ್ಗದ ಹಿಡಿಯನ್ನು ಹಿಡಿದು ಎಳೆದ. ಕಲ್ಲಿಗೆ ಕಟ್ಟಿದ ಹಾಗೆ ಅದು ಅಲುಗಲಿಲ್ಲ. ಮತ್ತೆ ಎಳೆದ. ಅವಳು ಕಾಯುತ್ತಿದ್ದಳು. ಅವನು ಎದ್ದು ನಿಂತು ಎರಡೂ ಕೈಯಲ್ಲಿ ಹಿಡಿದು ಎಳೆದ.

"ನಾಳೆ ಸೋಮವಾರ ಅಲ್ವೇನೋ" ಅಂದ, ನನ್ನ ಮುಖ ನೋಡದೆ.

"ಹೌದು ಭಾವ."

"ಬೆಳಗ್ಗೆ ಅವ್ರಿಗೆ ಫೋನ್ ಮಾಡ್ತೀನಿ."

ಅವನು ಹಿಡಿಯನ್ನು ಬಿಡಲಿಲ್ಲ. ಅಕ್ಕ ಅವನ ಹಿಂದಿನಿಂದ ಬಾಗಿ ನನ್ನನ್ನು ನೋಡಿದಳು. ಗುರುತು ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಕೆಲಸಕ್ಕಿರುವ ಯಾರೋ ಅಂದುಕೊಂಡಿದ್ದಳು, ಅಷ್ಟೆ.

"ಒಂಬತ್ತು ಏಳು ನಾಲ್ಕು, ಎರಡು ಸೊನ್ನೆ ಆರು" ಅಂದಳು. "ನಾಲ್ಕನೇ ಶೆಲ್ಫು, ಕೆಳಗಡೆ. ಎರಡಿವೆ, ಒಂದು ತಗೊಂಡು ಬಾ. ನಾವು ಇಲ್ಲೇ ಇರ್ತೀವಿ."

ನಾನು ವಿಲ್ಬರ್ಟ್‌ನನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

"ತರ್ತೀನಿ ಅಕ್ಕ" ಅಂದೆ.

ಇಳಿಜಾರು ಹತ್ತಿ ಬ್ಯಾಜರನ್ನು ಊರ ಕಡೆ ತಿರುಗಿಸಿದೆ. ಭಾನುವಾರ ಲಾಂಡ್ರಿ ಆರು ಗಂಟೆಯವರೆಗೆ ತೆರೆದಿರುತ್ತದೆ. ಒಳಗೆ ಬೆಚ್ಚಗಿತ್ತು, ಸಾಬೂನಿನ ವಾಸನೆ. ಡಾರ್ಲಾ ಯಾರದೋ ಹಾಸಿಗೆಯ ಬಟ್ಟೆ ಮಡಿಸುತ್ತಿದ್ದಳು. ನಾನು ಗೋಡೆಯ ಕಡೆಯಿಂದ ಎಣಿಸಿಕೊಂಡು ಹೋಗಿ, ನಾಲ್ಕನೇ ಯಂತ್ರದ ಮುಂದೆ ಮಂಡಿಯೂರಿದೆ. ಡಾರ್ಲಾ ಮಡಿಸುವುದನ್ನು ಬಿಟ್ಟು ಒಳಗೆ ಹೋಗಿ ಒಂದು ಟಾರ್ಚು ತಂದು ನನ್ನ ಕೈಗೆ ಕೊಟ್ಟಳು.